ಆಸ್ಪತ್ರೆಯ ಔಷಧಾಲಯ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ನಗರ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಭಾಗದ ಖಾಸಗಿ ಆಸ್ಪತ್ರೆಗಳ ಔಷಧಾಲಯ ಸಿಬ್ಬಂದಿ, ವಾರ್ಡಿನ ಸಿಸ್ಟರ್‌ಗಳು, ಆಡಳಿತ ನೋಡುವವರು ಮತ್ತು ಚೀಟಿ ಹಿಡಿದು ಕೌಂಟರಿಗೆ ಬರುವ ರೋಗಿಯ ಮನೆಯವರು ಕೇಳುವ ಪ್ರಶ್ನೆಗಳಿವು. ಮೊದಲ ಬಹುಪಾಲು ಸಿಬ್ಬಂದಿಗೆ, ಕೊನೆಯವು ಮನೆಯವರಿಗೆ. ಔಷಧ ಕೆಟ್ಟಿದೆಯೋ ಇಲ್ಲವೋ ಎಂದು ಬರೀ ಕಣ್ಣಿಗೆ ಗೊತ್ತಾಗುವುದು ಕಡಿಮೆ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್, ದಿನಗಟ್ಟಲೆ ಸೆಕೆಯಲ್ಲಿ ಬಿದ್ದಿದ್ದ, ಹೆರಿಗೆಯಲ್ಲಿ ಬಳಸುವ ಆಕ್ಸಿಟೋಸಿನ್ ನೋಡಲು ಹೊಸದರಂತೆಯೇ ಇರಬಹುದು. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಉಷ್ಣಾಂಶದ ದಾಖಲೆ, ಬ್ಯಾಚ್ ನಂಬರ್, ಎರಡನೆಯವರ ಸಹಿ ಇವುಗಳ ಮಾತು ಮತ್ತೆ ಮತ್ತೆ ಬರುತ್ತದೆ.

ಆಸ್ಪತ್ರೆಯೊಳಗೆ ಔಷಧಾಲಯ ನಡೆಸಲು ಯಾವ ಲೈಸೆನ್ಸ್ ಬೇಕು?

ಔಷಧ ಮತ್ತು ಕಾಂತಿವರ್ಧಕ ಕಾಯ್ದೆ 1940, ಅದರ 1945ರ ನಿಯಮಗಳ ಪ್ರಕಾರ ಚಿಲ್ಲರೆ ಮಾರಾಟಕ್ಕೆ ನಮೂನೆ 20 ಮತ್ತು 21. ಲಸಿಕೆ, ಸೀರಮ್, ಇನ್ಸುಲಿನ್‌ನಂಥವು 21ರ ಅಡಿ ಬರುತ್ತವೆ. ಶೆಡ್ಯೂಲ್ ಎಕ್ಸ್ (ನಿಯಮಗಳಲ್ಲಿ ಬಿಗಿ ನಿಯಂತ್ರಣದ ಔಷಧಗಳ ಪಟ್ಟಿ) ಔಷಧ ಇಡುವುದಾದರೆ 20-ಎಫ್ ಬೇರೆ ಬೇಕು. ಅರಿವಳಿಕೆಗೆ ಬಳಸುವ ಕೆಟಮಿನ್ 2013ರಿಂದ ಶೆಡ್ಯೂಲ್ ಎಕ್ಸ್‌ನಲ್ಲಿದೆ. ಆಪರೇಷನ್ ಥಿಯೇಟರ್ ಇರುವ ಸಣ್ಣ ಆಸ್ಪತ್ರೆಗಳು ಇದನ್ನು ಮರೆಯುವುದುಂಟು.

ಜಾಗ ಕನಿಷ್ಠ 10 ಚದರ ಮೀಟರ್ ಇರಬೇಕು. ಒಳರೋಗಿಗಳಿರುವ ಆಸ್ಪತ್ರೆಗೆ ಇದು ಸಾಲದು. ಸಲೈನ್ ಪೆಟ್ಟಿಗೆಗಳೇ ಅರ್ಧ ಜಾಗ ತಿನ್ನುತ್ತವೆ, ಉಳಿದದ್ದು ನೆಲಕ್ಕಿಳಿಯುತ್ತದೆ. ಲೈಸೆನ್ಸ್ ಪ್ರತಿ ಮತ್ತು ನೋಂದಾಯಿತ ಫಾರ್ಮಸಿಸ್ಟರ ಪ್ರಮಾಣಪತ್ರ ಕೌಂಟರಿನಲ್ಲಿ ಎದ್ದು ಕಾಣುವಂತಿರಬೇಕು. ಕೌಂಟರ್ 24 ಗಂಟೆ ತೆರೆದಿದ್ದರೆ 24 ಗಂಟೆಯೂ ನೋಂದಾಯಿತ ಫಾರ್ಮಸಿಸ್ಟ್ ಇರಬೇಕು. ಹೆಸರು ಒಬ್ಬರದು, ರಾತ್ರಿ ಔಷಧ ಕೊಡುವವರು ಇನ್ನೊಬ್ಬರು ಎಂಬ ವ್ಯವಸ್ಥೆ ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ತಪ್ಪಾದರೆ ಹಿಡಿಯಬಲ್ಲವರು ಆ ಹೊತ್ತಿನಲ್ಲಿ ಅಲ್ಲಿರುವುದೇ ಇಲ್ಲ.

ಎನ್‌ಎಬಿಎಚ್ ಮಾನ್ಯತೆ ಇದ್ದರೆ ಎಲ್ಲ ಸರಿ ಇದೆ ಎಂದರ್ಥವೇ?

ಅದು ಆಸ್ಪತ್ರೆಗಳ ಗುಣಮಟ್ಟ ನೋಡಿ ರಾಷ್ಟ್ರೀಯ ಮಂಡಳಿಯೊಂದು ಕೊಡುವ ಸ್ವಯಂಪ್ರೇರಿತ ಮಾನ್ಯತೆ. ಅದರ ಮಾನದಂಡಗಳಲ್ಲಿ ಔಷಧ ನಿರ್ವಹಣೆಗೇ ಒಂದು ಅಧ್ಯಾಯವಿದೆ, ಅದನ್ನು ಪಾಲಿಸಿದರೆ ಒಳ್ಳೆಯ ಶಿಸ್ತು ಬರುತ್ತದೆ. ಆದರೆ ತಪಾಸಣೆಯ ವಾರದಲ್ಲಿ ಮಾತ್ರ ತುಂಬಿದ ರಿಜಿಸ್ಟರು ಯಾವ ರೋಗಿಯನ್ನೂ ಕಾಪಾಡುವುದಿಲ್ಲ. ಮಾನ್ಯತೆ ಇಲ್ಲದ 20 ಹಾಸಿಗೆಯ ಆಸ್ಪತ್ರೆಯೂ ಇಲ್ಲಿ ಹೇಳಿದ್ದನ್ನೆಲ್ಲ ಮಾಡಬಹುದು.

ಮನೆಗೆ ತರುವಂಥ ಫ್ರಿಜ್ ಔಷಧಾಲಯಕ್ಕೆ ನಡೆಯುತ್ತದೆಯೇ?

ಔಷಧಕ್ಕೆಂದೇ ಮಾಡಿದ ಫ್ರಿಜ್ ಕೊಳ್ಳುವುದೇ ಸರಿ. ಸದ್ಯಕ್ಕೆ ಮನೆಬಳಕೆಯದೇ ಇದ್ದರೆ ಅದರ ದೋಷಗಳನ್ನು ತಿಳಿದು ಬಳಸಬೇಕು. ಬೇಕಾದದ್ದು 2ರಿಂದ 8 ಡಿಗ್ರಿ, ಗುರಿ 5. ಮನೆಬಳಕೆಯ ಫ್ರಿಜ್‌ನಲ್ಲಿ ಫ್ರೀಜರಿನ ಕೆಳಗೂ ಹಿಂಬದಿಯ ಗೋಡೆಗೂ 0 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಬಾಗಿಲಿನ ಅರೆಗಳಲ್ಲಿ 8 ದಾಟುತ್ತದೆ, ತರಕಾರಿ ಡಬ್ಬಿಯಲ್ಲಿ ಗಾಳಿ ಆಡುವುದಿಲ್ಲ. ಹಾಗಾಗಿ ಔಷಧ ಮಧ್ಯದ ಅರೆಗಳಲ್ಲಿ ಮಾತ್ರ ಇರಲಿ, ಹಿಂದಿನ ಗೋಡೆಯಿಂದ ಮೂರು ನಾಲ್ಕು ಬೆರಳು ಜಾಗ ಬಿಡಿ. ಬಾಗಿಲಲ್ಲಿ ನೀರು ತುಂಬಿದ ಬಾಟಲಿಗಳನ್ನಿಟ್ಟರೆ ಕರೆಂಟ್ ಹೋದಾಗ ತಂಪು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಊಟದ ಡಬ್ಬಿ, ಹಾಲಿನ ಪ್ಯಾಕೆಟ್, ರಕ್ತದ ಸ್ಯಾಂಪಲ್ ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಹೆಚ್ಚಿನವರು ಹೆದರುವುದು ಬಿಸಿಗೆ. ನಿಜವಾದ ನಷ್ಟ ಹೆಚ್ಚಾಗಿ ಆಗುವುದು ಹೆಪ್ಪುಗಟ್ಟುವುದರಿಂದ. ಇನ್ಸುಲಿನ್, ಟಿಟಿ ಅಥವಾ ಟಿಡಿ (ಧನುರ್ವಾಯು ತಡೆಯುವ ಲಸಿಕೆಗಳು), ಹೆಪಟೈಟಿಸ್ ಬಿ ಲಸಿಕೆ, ರೇಬೀಸ್ ಇಮ್ಯುನೊಗ್ಲೋಬ್ಯುಲಿನ್, ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಕೊಡುವ ಆಂಟಿ-ಡಿ ಇವು ಒಮ್ಮೆ ಗಟ್ಟಿಯಾದರೆ ಮುಗಿಯಿತು.

ಉಷ್ಣಮಾಪಕ ಡಿಜಿಟಲ್ ಇರಲಿ, ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವಂಥದ್ದು. ಅದರ ಪ್ರೋಬನ್ನು ಗ್ಲಿಸರಿನ್ ತುಂಬಿದ ಸಣ್ಣ ಬಾಟಲಿಯಲ್ಲಿ ಅದ್ದಿಡಿ. ಹಾಗಿಟ್ಟರೆ ಬಾಗಿಲು ತೆಗೆದಾಗಲೆಲ್ಲ ಅಂಕಿ ಹಾರುವುದಿಲ್ಲ, ಔಷಧದೊಳಗಿನ ಉಷ್ಣಾಂಶಕ್ಕೆ ಹತ್ತಿರದ ಅಂಕಿ ಸಿಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಕ್ಷಣದ ಅಂಕಿ, ಕನಿಷ್ಠ, ಗರಿಷ್ಠ ಮೂರನ್ನೂ ಬರೆದು, ಸಹಿ ಹಾಕಿ, ರೀಸೆಟ್ ಮಾಡಿ. ತಿಂಗಳಿಡೀ ಒಂದೇ ಪೆನ್ನಿನಲ್ಲಿ "5, 5, 5" ಎಂದು ಬರೆದ ಹಾಳೆ ಸಿಕ್ಕರೆ ಅದು ಉಷ್ಣಮಾಪಕ ನೋಡಿ ಬರೆದದ್ದಲ್ಲ. ಉಪಕರಣವನ್ನು ವರ್ಷಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡಿಸಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಏನು ಮಾಡಬೇಕು?

ಮರ ಬಿದ್ದು ಲೈನ್ ತುಂಡಾದರೆ ಆಗುಂಬೆ, ನಗರ (ಬಿದನೂರು), ಹೊಸನಗರದ ಕಡೆ ಮೆಸ್ಕಾಂನವರು ಸರಿಪಡಿಸಲು ಒಂದು ದಿನವೂ ಹಿಡಿಯಬಹುದು. ಆದ್ದರಿಂದ ಜೂನ್‌ಗೆ ಮೊದಲೇ ಒಂದು ಪರೀಕ್ಷೆ ಮಾಡಿ: ಮೇನ್ ಸ್ವಿಚ್ ಆಫ್ ಮಾಡಿ, ಜನರೇಟರ್ ಹಾಕಿ, ಔಷಧಾಲಯದ ಫ್ರಿಜ್ ನಿಜಕ್ಕೂ ಓಡುತ್ತಿದೆಯೇ ನೋಡಿ. ಎಷ್ಟೋ ಕಟ್ಟಡಗಳಲ್ಲಿ ಜನರೇಟರ್ ಲೈನ್ ಥಿಯೇಟರಿಗೆ, ಐಸಿಯುಗೆ, ದೀಪಗಳಿಗೆ ಮಾತ್ರ ಇರುತ್ತದೆ. ಔಷಧಾಲಯದ ಬಲ್ಬ್ ಉರಿಯುವುದರಿಂದ ಫ್ರಿಜ್ ಕೂಡ ಓಡುತ್ತಿದೆ ಎಂದೇ ಎಲ್ಲರೂ ಅಂದುಕೊಂಡಿರುತ್ತಾರೆ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಜರ್ ಕಡ್ಡಾಯ.

ಕರೆಂಟ್ ಹೋಗಿ ಜನರೇಟರೂ ಕೈಕೊಟ್ಟಾಗ ಮೊದಲು ಫ್ರಿಜ್ ಬಾಗಿಲಿಗೆ "ತೆಗೆಯಬೇಡಿ" ಎಂದು ಚೀಟಿ ಅಂಟಿಸಿ, ಹೋದ ಸಮಯ ಬರೆಯಿರಿ. ಹೊರಗಿನ ಡಿಸ್‌ಪ್ಲೇ ಮೇಲೆ ಕಣ್ಣಿಟ್ಟಿರಿ. 8ರ ಹತ್ತಿರ ಬರುತ್ತಿದ್ದಂತೆ ಕೋಲ್ಡ್ ಬಾಕ್ಸಿಗೆ ಸಾಗಿಸಿ. ಇಲ್ಲೇ ದೊಡ್ಡ ತಪ್ಪಾಗುವುದು: ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರವಾಗಿ ಇನ್ಸುಲಿನ್ ಪಕ್ಕ ಇಟ್ಟುಬಿಡುತ್ತಾರೆ, ಇನ್ಸುಲಿನ್ ಹೆಪ್ಪುಗಟ್ಟುತ್ತದೆ. ಐಸ್‌ಪ್ಯಾಕನ್ನು ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಬೇಕು. ಔಷಧಕ್ಕೂ ಐಸಿಗೂ ಮಧ್ಯೆ ರಟ್ಟು ಇರಬೇಕು, ಬಾಕ್ಸಿನೊಳಗೂ ಒಂದು ಉಷ್ಣಮಾಪಕ ಬೇಕು.

ಕರೆಂಟ್ ಬಂದ ಮೇಲೆ ಮಿತಿ ಮೀರಿದ ಸರಕನ್ನು ಮಾಮೂಲಿ ಅರೆಗೆ ವಾಪಸ್ ಇಡಬೇಡಿ. 2ರಿಂದ 8ರಲ್ಲೇ ಇಟ್ಟು, "ಬಳಸಬೇಡಿ, ಪರಿಶೀಲನೆಯಲ್ಲಿದೆ" ಎಂದು ಬೇರೆ ಡಬ್ಬಿಗೆ ಹಾಕಿ. ಎಷ್ಟು ಹೊತ್ತು, ಗರಿಷ್ಠ ಎಷ್ಟು ಡಿಗ್ರಿ, ಯಾವ ಬ್ಯಾಚ್ ಎಂಬುದನ್ನು ತಯಾರಕರಿಗೆ ಕಳಿಸಿ, ಲಿಖಿತ ಉತ್ತರ ಬಂದ ಮೇಲೆ ನಿರ್ಧರಿಸಿ. ಕೆಲವು ಔಷಧ ಕೆಲವು ದಿನ ಹೊರಗಿದ್ದರೂ ತಡೆಯುತ್ತವೆ, ಕೆಲವು ಇಲ್ಲ. ಅಂದಾಜಿನ ಮೇಲೆ ಹೇಳುವ ವಿಷಯ ಇದಲ್ಲ. ಹೆರಿಗೆ ನಂತರದ ರಕ್ತಸ್ರಾವಕ್ಕೆ ಬಳಸುವ ಆಕ್ಸಿಟೋಸಿನ್, ಮಿಥೈಲ್ ಎರ್ಗೋಮೆಟ್ರಿನ್, ಕಾರ್ಬೊಪ್ರಾಸ್ಟ್ ಮೂರೂ ಫ್ರಿಜ್‌ನ ಔಷಧಗಳು. ಅವು ಶಕ್ತಿ ಕಳೆದುಕೊಂಡಿದ್ದರೆ ಗೊತ್ತಾಗುವುದು ಬಾಣಂತಿಗೆ ರಕ್ತ ನಿಲ್ಲದಿರುವಾಗ.

ಲಸಿಕೆ ಹೆಪ್ಪುಗಟ್ಟಿದೆಯೇ ಎಂದು ಪರೀಕ್ಷಿಸುವ ದಾರಿ ಇದೆಯೇ?

ಟಿಟಿ, ಟಿಡಿ, ಡಿಪಿಟಿ, ಹೆಪಟೈಟಿಸ್ ಬಿಯಂಥ ಅಲ್ಯುಮಿನಿಯಂ ಲವಣ ಸೇರಿಸಿದ ಲಸಿಕೆಗಳಿಗೆ ಮಾತ್ರ ಶೇಕ್ ಟೆಸ್ಟ್ ಇದೆ. ಅದೇ ಬ್ಯಾಚಿನ ಒಂದು ವೈಯಲನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ ಕರಗಿಸಿ. ಅದನ್ನೂ ಅನುಮಾನದ ವೈಯಲನ್ನೂ ಒಂದೇ ಕೈಯಲ್ಲಿ ಹಿಡಿದು 10–15 ಸೆಕೆಂಡ್ ಕುಲುಕಿ, ಅಕ್ಕಪಕ್ಕ ಇಟ್ಟು 30 ನಿಮಿಷದವರೆಗೆ ಗಮನಿಸಿ. ಅನುಮಾನದ್ದರಲ್ಲಿ ಗಸಿ ಅಷ್ಟೇ ಬೇಗ ಅಥವಾ ಇನ್ನೂ ಬೇಗ ಕೆಳಗೆ ಕೂತರೆ ಅದು ಹೆಪ್ಪುಗಟ್ಟಿದ ಲಸಿಕೆ, ಎಸೆಯಬೇಕು. ಇನ್ಸುಲಿನ್‌ಗೆ ಈ ಪರೀಕ್ಷೆ ಇಲ್ಲ. ಅನುಮಾನವಿದ್ದರೆ ಬಿಸಾಡುವುದೇ.

ಇಲ್ಲಿಯ ಥಂಡಿಗೆ ಮಾತ್ರೆಗಳು ಹಾಳಾಗುತ್ತವೆಯೇ?

ಹಾಳಾಗುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ರಟ್ಟಿನ ಪೆಟ್ಟಿಗೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಮೊದಲು ಬಲಿಯಾಗುವುದು ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್: ಕ್ಲಾವ್ಯುಲನೇಟ್ ತೇವಕ್ಕೆ ಬೇಗ ಒಡೆಯುತ್ತದೆ, ಮಾತ್ರೆಯ ಮೇಲೆ ಕಂದು ಕಲೆ ಕಾಣುತ್ತದೆ. ಆಸ್ಪಿರಿನ್ ಒಡೆದರೆ ವಿನೆಗರ್ ವಾಸನೆ ಬರುತ್ತದೆ. ಜೆಲಟಿನ್ ಕ್ಯಾಪ್ಸೂಲ್ ಒಂದಕ್ಕೊಂದು ಅಂಟುತ್ತದೆ, ಒಆರ್‌ಎಸ್ ಪುಡಿ ಗಂಟು ಕಟ್ಟುತ್ತದೆ. ಎಲ್ಲಕ್ಕಿಂತ ಅಪಾಯದ್ದು ಗ್ಲೂಕೋಮೀಟರಿನ ಸ್ಟ್ರಿಪ್. ವಾರ್ಡಿನಲ್ಲಿ ಡಬ್ಬಿಯ ಮುಚ್ಚಳ ತೆರೆದೇ ಬಿಟ್ಟರೆ ಸ್ಟ್ರಿಪ್ ತೇವ ಹೀರಿ ಸಕ್ಕರೆ ಅಂಶವನ್ನು ತಪ್ಪಾಗಿ ತೋರಿಸುತ್ತದೆ, ಆ ತಪ್ಪು ಅಂಕಿಯ ಮೇಲೆ ಇನ್ಸುಲಿನ್ ಡೋಸ್ ನಿರ್ಧಾರವಾಗುತ್ತದೆ.

ಸ್ಟೋರಿನಲ್ಲಿ ಆರ್ದ್ರತಾಮಾಪಕ ಇಟ್ಟು 60 ಶೇಕಡದೊಳಗೆ ಕಾಯ್ದುಕೊಳ್ಳಿ. ಎಸಿಯ ಡ್ರೈ ಮೋಡ್ ಸಣ್ಣ ಕೋಣೆಗೆ ಸಾಕು, ದೊಡ್ಡದಕ್ಕೆ ಡಿಹ್ಯೂಮಿಡಿಫೈಯರ್ ಬೇಕು. ಅದರ ತೊಟ್ಟಿ ತುಂಬಿದರೆ ಯಂತ್ರ ತಾನೇ ನಿಲ್ಲುತ್ತದೆ, ಆದ್ದರಿಂದ ನೀರು ನೇರ ಚರಂಡಿಗೆ ಹೋಗುವಂತೆ ಪೈಪ್ ಕೊಡಿ. ಸರಕು ಪ್ಲಾಸ್ಟಿಕ್ ಪ್ಯಾಲೆಟ್ ಮೇಲಿರಲಿ, ಗೋಡೆಯಿಂದ ಗೇಣು ದೂರ. ಮರದ ಹಲಗೆ ಬೇಡ, ಅದೂ ತೇವ ಹಿಡಿಯುತ್ತದೆ. ಡಬ್ಬಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣ ತೆಗೆದೆಸೆಯಬೇಡಿ. ಸ್ಟೆರೈಲ್ ಗಾಜ್, ಕೈಗವಸುಗಳ ಕಾಗದದ ಪೊಟ್ಟಣ ಒದ್ದೆಯಾಗಿ ಒಣಗಿದ್ದರೂ ಅದು ಸ್ಟೆರೈಲ್ ಅಲ್ಲ. ಬೇಸಿಗೆಯಲ್ಲಿ ಇದೇ ಕೋಣೆಗೆ ಬೇರೆಯದೇ ಸಮಸ್ಯೆ, ಸೆಕೆ: ಶಿವಮೊಗ್ಗ ನಗರದಲ್ಲಿ ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುತ್ತದೆ. ಲೇಬಲ್ ಮೇಲೆ "25 ಡಿಗ್ರಿ ಮೀರಬಾರದು" ಎಂದಿರುವ ಸರಕಿಗೆ ಎಸಿ ಹಗಲು ರಾತ್ರಿ ಬೇಕು.

ಸರಕು ಬಂದಾಗ ಏನೇನು ನೋಡಬೇಕು?

ಇನ್‌ವಾಯ್ಸಿನ ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಂಆರ್‌ಪಿ ಮೂರನ್ನೂ ಡಬ್ಬಿಯ ಜೊತೆ ತಾಳೆ ನೋಡಿ, ಆಮೇಲೆ ಸಹಿ. ವಿತರಕರ ಲೈಸೆನ್ಸ್ ಪ್ರತಿ ಕಡತದಲ್ಲಿರಬೇಕು. 2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡ್‌ಗಳ ಮೇಲೆ ಕ್ಯುಆರ್ ಅಥವಾ ಬಾರ್‌ಕೋಡ್ ಕಡ್ಡಾಯ, ಅದನ್ನು ಸ್ಕ್ಯಾನ್ ಮಾಡಿ. ತಂಪು ಸರಕು ಯಾವ ಸ್ಥಿತಿಯಲ್ಲಿ ಬಂತು ಎಂದು ಬಿಲ್ಲಿನ ಮೇಲೇ ಬರೆಯಿರಿ. ಬಸ್ಸಿನಲ್ಲಿ ಪಾರ್ಸೆಲ್ ಬಂದಿದ್ದು, ಐಸ್ ಪೂರ್ತಿ ಕರಗಿ ನೀರು ಬೆಚ್ಚಗಾಗಿದ್ದರೆ ವಾಪಸ್ ಕಳಿಸಿ. "ಈ ಸಲ ಹೇಗೋ ಆಗಲಿ" ಎನ್ನುವ ಮುಲಾಜು ಇಲ್ಲಿ ಬೇಡ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಮೇಲೆ ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಪ್ರಶ್ನೆ ಇಡೀ ರಾಜ್ಯದಲ್ಲಿ ಎದ್ದಿತು. ಗ್ಲೂಕೋಸ್, ಸಲೈನ್ ಬಾಟಲಿಯನ್ನು ಬೆಳಕಿಗೆ ಹಿಡಿದು ಒಮ್ಮೆ ಕಪ್ಪು, ಒಮ್ಮೆ ಬಿಳಿ ಹಿನ್ನೆಲೆಯಲ್ಲಿ ನೋಡಿ. ಎಳೆ, ಕಣ, ಮಸುಕು ಕಂಡರೆ ಬೇಡ. ಅಮುಕಿದಾಗ ಹನಿ ಜಿನುಗಿದರೂ ಬೇಡ. ಇಷ್ಟಾದರೂ ಕರಗಿದ ವಿಷ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುವ, ಗುಣಮಟ್ಟದಲ್ಲಿ ಸೋತ ಬ್ಯಾಚ್‌ಗಳ ಪಟ್ಟಿಯನ್ನು ನಿಮ್ಮ ಸ್ಟಾಕಿನ ಜೊತೆ ಹೋಲಿಸಿ. ಯಾವ ಬ್ಯಾಚ್ ಯಾವ ರೋಗಿಗೆ ಹೋಯಿತು ಎಂದು ಕಂಪ್ಯೂಟರಿನಲ್ಲಿ ಹತ್ತು ನಿಮಿಷದಲ್ಲಿ ಹುಡುಕಲು ಆಗದಿದ್ದರೆ ಬ್ಯಾಚ್ ನಮೂದಿಸುವ ಕ್ರಮದಲ್ಲೇ ದೋಷವಿದೆ.

ಅತಿ ಅಪಾಯದ ಔಷಧಗಳು ಎಂದರೆ ಯಾವುವು?

ಎಲ್ಲ ಔಷಧದಲ್ಲೂ ತಪ್ಪಾಗಬಹುದು, ಆದರೆ ಕೆಲವದರಲ್ಲಿ ಆದ ತಪ್ಪಿಗೆ ಎರಡನೆಯ ಅವಕಾಶ ಇರುವುದಿಲ್ಲ. ಪೊಟ್ಯಾಸಿಯಂ ಕ್ಲೋರೈಡ್ 15 ಶೇಕಡ, 10 ಮಿಲಿ ಆಂಪ್ಯೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಡೈಲ್ಯೂಟ್ ಮಾಡದೆ ನರಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಡಿಸ್ಟಿಲ್ಡ್ ವಾಟರಿನ 10 ಮಿಲಿ ಪ್ಲಾಸ್ಟಿಕ್ ಆಂಪ್ಯೂಲ್ ಅದರ ಪಕ್ಕದಲ್ಲಿದ್ದರೆ ಅರ್ಧರಾತ್ರಿಯಲ್ಲಿ ಕೈ ತಪ್ಪುವುದು ಸುಲಭ. ಸಾಮಾನ್ಯ ವಾರ್ಡಿನಲ್ಲಿ ಅದರ ದಾಸ್ತಾನೇ ಇರಬಾರದು. ಬೇಕಾದಾಗ ಹೆಸರು ಬರೆದ ಇಂಡೆಂಟಿಗೆ ಔಷಧಾಲಯದಿಂದ ಹೋಗಬೇಕು, ಮೇಲೆ ಕೆಂಪು ಚೀಟಿ: "ಡೈಲ್ಯೂಟ್ ಮಾಡಿಯೇ ಕೊಡಬೇಕು".

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್‌ನ 5 ಮಿಲಿ ವೈಯಲ್ ಎರಡು ಬಗೆ: ಮಿಲಿಗೆ 1000 ಯೂನಿಟ್, ಮಿಲಿಗೆ 5000 ಯೂನಿಟ್. ಒಂದರಲ್ಲಿ ಒಟ್ಟು 5000, ಇನ್ನೊಂದರಲ್ಲಿ ಒಟ್ಟು 25,000. "5000" ಎಂಬ ಅಂಕಿ ಒಂದರ ಒಟ್ಟು ಪ್ರಮಾಣ, ಇನ್ನೊಂದರ ಒಂದು ಮಿಲಿ. ಸಾಧ್ಯವಾದರೆ ಒಂದೇ ಬಗೆಯನ್ನು ಇಡಿ.

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಮ್ಮೆ ಮಾತ್ರ. ದಿನಾ ತಿಂದವರ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ನಾಲ್ಕು ವಾರಕ್ಕೆ ಬೇಕಾದಷ್ಟನ್ನೇ ಎಣಿಸಿ ಕೊಡಿ, ಕವರಿನ ಮೇಲೆ ಕನ್ನಡದಲ್ಲಿ ವಾರದ ಹೆಸರು ಬರೆದು, ರೋಗಿಯ ಬಾಯಲ್ಲೇ ಒಮ್ಮೆ ಹೇಳಿಸಿ.

ಈ ಪಟ್ಟಿಯ ಔಷಧಗಳಿಗೆ ಇಬ್ಬರ ತಪಾಸಣೆ ಬೇಕು. ಮೊದಲನೆಯವರು ಹಾಕಿದ ಲೆಕ್ಕವನ್ನು ನೋಡಿ "ಸರಿ ಇದೆ" ಎನ್ನುವುದು ತಪಾಸಣೆಯಾಗುವುದಿಲ್ಲ. ಎರಡನೆಯವರು ಆ ಉತ್ತರ ನೋಡದೆ ತಾವೇ ಲೆಕ್ಕ ಹಾಕಬೇಕು, ಆಮೇಲೆ ಎರಡನ್ನೂ ಹೋಲಿಸಬೇಕು.

ಇನ್ಸುಲಿನ್ ಸಿರಿಂಜಿನ ಕೆಂಪು, ಕಿತ್ತಳೆ ಮುಚ್ಚಳದ ವ್ಯತ್ಯಾಸ ಅಷ್ಟು ಮುಖ್ಯವೇ?

ಜೀವಕ್ಕೆ ಸಂಬಂಧಿಸಿದಷ್ಟು ಮುಖ್ಯ. ನಮ್ಮಲ್ಲಿ ಮಿಲಿಗೆ 40 ಯೂನಿಟ್‌ನ ವೈಯಲೂ ಇದೆ, ಮಿಲಿಗೆ 100 ಯೂನಿಟ್‌ನದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. 20 ಯೂನಿಟ್ ಕೊಡಬೇಕಾದಲ್ಲಿ 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು ಅರ್ಧ ಮಿಲಿ, ಅಂದರೆ 50 ಯೂನಿಟ್. ರೋಗಿ ಸಕ್ಕರೆ ಕುಸಿದು ಎಚ್ಚರ ತಪ್ಪುತ್ತಾರೆ. ಅದಲುಬದಲಾಗಿ 40ರದನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ ಹೋಗುವುದು ಬರೀ 8 ಯೂನಿಟ್.

ವೈಯಲ್ ಮಾರುವಾಗಲೇ ಹೊಂದುವ ಸಿರಿಂಜನ್ನೂ ಜೊತೆಗೆ ಕೊಡಿ. "ಸಿರಿಂಜ್ ಮನೇಲಿದೆ" ಎಂದವರಿಗೆ ಮುಚ್ಚಳದ ಬಣ್ಣ ಯಾವುದು ಎಂದು ಕೇಳಿ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಂದೂ ಎಳೆಯಬಾರದು. ಒಂದೇ ಪೆನ್ನನ್ನು ಸೂಜಿ ಬದಲಿಸಿ ಇಬ್ಬರಿಗೆ ಬಳಸುವುದೂ ನಿಷಿದ್ಧ, ಕಾರ್ಟ್ರಿಜ್ ಒಳಗೆ ರಕ್ತ ಹಿಮ್ಮೆಟ್ಟಿರುತ್ತದೆ.

ಹೆಸರು ಒಂದೇ ಥರ ಇರುವ ಔಷಧಗಳನ್ನು ಹೇಗೆ ಜೋಡಿಸಬೇಕು?

ಅಕ್ಷರಮಾಲೆ ಪ್ರಕಾರ ಜೋಡಿಸಿದರೆ ಡೋಪಮೈನ್ ಪಕ್ಕ ಡೋಬ್ಯುಟಮೈನ್, ಸೆಫೊಟ್ಯಾಕ್ಸಿಮ್ ಪಕ್ಕ ಸೆಫ್ಟಾಜಿಡಿಮ್ ಬಂದು ಕೂರುತ್ತವೆ. ಇವುಗಳನ್ನು ಬೇಕೆಂದೇ ಬೇರೆ ಅರೆಗಳಲ್ಲಿಟ್ಟು, ಖಾಲಿ ಬಿದ್ದ ಜಾಗದಲ್ಲಿ "ಅದು ಆ ಅರೆಯಲ್ಲಿದೆ" ಎಂದು ಚೀಟಿ ಹಚ್ಚಿ. ಹೆಸರಿನಲ್ಲಿ ಬೇರೆಯಾಗುವ ಅಕ್ಷರಗಳನ್ನು ದೊಡ್ಡದಾಗಿ ಬರೆಯಿರಿ. ಪಟ್ಟಿ ನಿಮ್ಮ ದಾಸ್ತಾನಿನಿಂದಲೇ ತಯಾರಾಗಬೇಕು. ಬ್ರಾಂಡ್ ಬದಲಾದಾಗಲೆಲ್ಲ ಹೊಸ ಜೋಡಿ ಹುಟ್ಟುತ್ತದೆ, ಆದ್ದರಿಂದ ಬೇರೆ ಆಸ್ಪತ್ರೆಯ ಪಟ್ಟಿಯನ್ನು ತಂದು ಅಂಟಿಸಿದರೆ ಉಪಯೋಗವಿಲ್ಲ.

ಚೀಟಿ ಓದಲು ಆಗದಿದ್ದರೆ? ಬರೆದ ಬ್ರಾಂಡ್ ಇಲ್ಲದಿದ್ದರೆ ಅದೇ ಔಷಧದ ಬೇರೆ ಬ್ರಾಂಡ್ ಕೊಡಬಹುದೇ?

ಓದಲಾಗದ್ದನ್ನು ಊಹಿಸಬಾರದು, ಡಾಕ್ಟರಿಗೆ ಫೋನ್ ಮಾಡಬೇಕು. ಫೋನಿನಲ್ಲಿ ಕೇಳಿದ್ದನ್ನು ಬರೆದುಕೊಂಡು ತಿರುಗಿ ಓದಿ ಹೇಳಿ, "ಹೌದು" ಎಂದ ಮೇಲೆ ಸಮಯ ನಮೂದಿಸಿ. ಅಂಕಿ ಬರೆಯುವಾಗ "5.0" ಬೇಡ, ಚುಕ್ಕೆ ಮಾಸಿದರೆ 50 ಆಗುತ್ತದೆ. ".5" ಸಹ ಬೇಡ, "0.5" ಬರೆಯಿರಿ. ಯೂನಿಟ್ ಎಂಬುದನ್ನು ಇಂಗ್ಲಿಷಿನ ಒಂದೇ ಅಕ್ಷರದಲ್ಲಿ ಬರೆದರೆ ಅದು ಸೊನ್ನೆಯಂತೆ ಕಂಡು ಡೋಸ್ ಹತ್ತುಪಟ್ಟಾಗುತ್ತದೆ.

ಚೀಟಿ ಇದ್ದರೆ ಮಾತ್ರ ಮಾರಬಹುದಾದ ಶೆಡ್ಯೂಲ್ ಎಚ್, ಎಚ್1, ಎಕ್ಸ್ ಔಷಧಗಳಲ್ಲಿ ಬರೆದದ್ದರ ಬದಲು ಬೇರೆ ಕೊಡಲು ಫಾರ್ಮಸಿಸ್ಟರಿಗೆ ನಿಯಮ ಅವಕಾಶ ಕೊಡುವುದಿಲ್ಲ, ಒಳಗಿನ ಔಷಧ ಒಂದೇ ಆಗಿದ್ದರೂ. ವೈದ್ಯರು ಚೀಟಿ ತಿದ್ದಿ ಸಹಿ ಹಾಕಬೇಕು. ಇದಕ್ಕೆ ಶಾಶ್ವತ ಪರಿಹಾರ ಆಸ್ಪತ್ರೆಯದೇ ಔಷಧ ಪಟ್ಟಿ: ವೈದ್ಯರು, ಫಾರ್ಮಸಿಸ್ಟ್, ನರ್ಸಿಂಗ್ ಮುಖ್ಯಸ್ಥರು ಕೂತು ಪ್ರತಿ ಔಷಧಕ್ಕೆ ಒಂದೆರಡು ಬ್ರಾಂಡ್ ಒಪ್ಪಿ, ಅದರಲ್ಲೇ ಬರೆಯುವುದು.

ಇಂಜೆಕ್ಷನ್ ಬೆರೆಸುವಾಗ ಹೆಚ್ಚಾಗಿ ಆಗುವ ತಪ್ಪುಗಳು ಯಾವುವು?

ಸೆಫ್ಟ್ರಿಯಾಕ್ಸೋನನ್ನು ರಿಂಗರ್ ಲ್ಯಾಕ್ಟೇಟ್ ಜೊತೆ ಬೆರೆಸಬಾರದು, ಅದರಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಹರಳು ಕಟ್ಟುತ್ತದೆ. ನವಜಾತ ಶಿಶುಗಳಿಗೆ ಇದು ಮಾರಕ. ಫೆನಿಟಾಯಿನ್ ನಾರ್ಮಲ್ ಸಲೈನ್‌ನಲ್ಲಿ ಮಾತ್ರ, ಗ್ಲೂಕೋಸಿನಲ್ಲಿ ಹಾಕಿದರೆ ಗಸಿಯಾಗುತ್ತದೆ. ಆಂಫೊಟೆರಿಸಿನ್ ಬಿಗೆ ಇದರ ತದ್ವಿರುದ್ಧ: 5 ಶೇಕಡ ಡೆಕ್ಸ್‌ಟ್ರೋಸ್ ಮಾತ್ರ. ಇಡೀ ವಾರ್ಡಿಗೆ ಒಂದೇ 100 ಮಿಲಿ ಸಲೈನ್ ಬಾಟಲಿ ಇಟ್ಟು ಎಲ್ಲರ ಇಂಜೆಕ್ಷನ್ನನ್ನೂ ಅದರಿಂದಲೇ ಬೆರೆಸುವ ಪದ್ಧತಿ ಇನ್ನೂ ಇದೆ, ಅದನ್ನು ಇವತ್ತೇ ನಿಲ್ಲಿಸಬೇಕು. ಒಬ್ಬರ ಸೋಂಕು ಎಲ್ಲರಿಗೂ ಹೋಗುವ ದಾರಿ ಅದು. ಹಲವು ಡೋಸಿನ ವೈಯಲಿಗೆ ತೆರೆದ ದಿನಾಂಕ ಬರೆಯಿರಿ. ತಯಾರಕರು ಬೇರೆ ಹೇಳದಿದ್ದರೆ 28 ದಿನಕ್ಕೆ ಮುಗಿಯಿತು. ಕ್ಯಾನ್ಸರ್ ಔಷಧಗಳನ್ನು ಬಯೋಸೇಫ್ಟಿ ಕ್ಯಾಬಿನೆಟ್ ಇಲ್ಲದೆ ತೆರೆದ ಮೇಜಿನ ಮೇಲೆ ಬೆರೆಸಲೇಬೇಡಿ.

ಮಕ್ಕಳ ಔಷಧದಲ್ಲಿ ವಿಶೇಷ ಎಚ್ಚರ ಏನು?

ಪ್ಯಾರಾಸಿಟಮಾಲ್ ಡ್ರಾಪ್ಸ್ ಮಿಲಿಗೆ 100 ಮಿಲಿಗ್ರಾಂ. ಸಿರಪ್ 5 ಮಿಲಿಗೆ 125 ಅಥವಾ 250 ಮಿಲಿಗ್ರಾಂ. 125ರ ಸಿರಪ್ ಲೆಕ್ಕದಲ್ಲಿ "ಎರಡೂವರೆ ಮಿಲಿ" ಎಂದಿದ್ದನ್ನು ಡ್ರಾಪ್ಸಿನಲ್ಲಿ ಕೊಟ್ಟರೆ ಮಗುವಿಗೆ ನಾಲ್ಕುಪಟ್ಟು ಹೋಗುತ್ತದೆ. ಚೀಟಿಯಲ್ಲಿ ಮಗುವಿನ ತೂಕ, ಮಿಲಿಗ್ರಾಂ, ಮಿಲಿ ಮೂರೂ ಇರಬೇಕು. ಅಡುಗೆಮನೆಯ ಚಮಚ ಬೇಡ, ಗೆರೆಯಿರುವ ಕಪ್ ಅಥವಾ ಸೂಜಿ ಇಲ್ಲದ ಸಿರಿಂಜ್ ಕೊಡಿ.

ಪುಡಿ ಸಿರಪ್‌ಗೆ ಮೊದಲು ಬಾಟಲಿ ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಆರಿಸಿದ ನೀರು ಅರ್ಧ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗೆರೆಯವರೆಗೆ ತುಂಬಿ. ನೊರೆಯನ್ನೇ ಮಟ್ಟ ಎಂದು ತಿಳಿದರೆ ನೀರು ಕಡಿಮೆಯಾಗಿ ಡೋಸ್ ಗಟ್ಟಿಯಾಗುತ್ತದೆ. ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್ ಬೆರೆಸಿದ ಮೇಲೆ ಫ್ರಿಜ್‌ನಲ್ಲಿಟ್ಟು 7 ದಿನದೊಳಗೆ ಮುಗಿಸಬೇಕು. ಮನೆಯಲ್ಲಿ ಫ್ರಿಜ್ ಇಲ್ಲ ಎಂದರೆ ಅದನ್ನು ಡಾಕ್ಟರಿಗೆ ಆಗಲೇ ತಿಳಿಸಿ.

ಕೆಮ್ಮಿನ ಸಿರಪ್ ಬಗ್ಗೆ: 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿದ ಸಿರಪ್ ಕುಡಿದು ಮಕ್ಕಳು ಸತ್ತ ನಂತರ ಕೇಂದ್ರ ಆರೋಗ್ಯ ಇಲಾಖೆ, 2 ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಸಿರಪ್ ಬೇಡ, 5ರೊಳಗಿನವರಿಗೆ ಸಾಮಾನ್ಯವಾಗಿ ಸೂಚಿಸುವುದಿಲ್ಲ ಎಂದು ಹೇಳಿದೆ. ಚೀಟಿ ಇಲ್ಲದೆ ಕೇಳಿದವರಿಗೆ ಕೊಡದೆ ಕಳಿಸುವುದೇ ಆ ಮಗುವಿಗೆ ಮಾಡುವ ಉಪಕಾರ.

ಹಾವು ಕಡಿತದ ಔಷಧ ಎಷ್ಟು ಇಟ್ಟುಕೊಳ್ಳಬೇಕು?

ತೋಟ, ಗದ್ದೆಗಳ ಊರಿನಲ್ಲಿ ಇದು ದಾಸ್ತಾನಿನ ಮೊದಲ ಸಾಲಿನಲ್ಲಿರಬೇಕು. ಮೊದಲ ಡೋಸ್ ಸಾಮಾನ್ಯವಾಗಿ 10 ವೈಯಲ್, ಮುಂದೆ ಮತ್ತೆ ಬೇಕಾಗುತ್ತದೆ. ಆದ್ದರಿಂದ 20ಕ್ಕಿಂತ ಕಡಿಮೆ ಇಳಿಯದಂತೆ ನೋಡಿಕೊಳ್ಳಿ. ಡೋಸ್ ನಿರ್ಧರಿಸುವುದು ದೇಹಕ್ಕೆ ಸೇರಿದ ವಿಷದ ಪ್ರಮಾಣ, ರೋಗಿಯ ತೂಕವಲ್ಲ, ಹಾಗಾಗಿ ಮಗುವಿಗೂ ಅಷ್ಟೇ. ಪುಡಿ ರೂಪದ ವೈಯಲಿಗೆ 10 ಮಿಲಿ ಸ್ಟೆರೈಲ್ ನೀರು ಹಾಕಿ ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆಯೇಳುತ್ತದೆ. ಹತ್ತು ವೈಯಲ್ ಕರಗಲು ಸಮಯ ಹಿಡಿಯುತ್ತದೆ, ಇಬ್ಬರು ಮೂವರು ಸೇರಿ ಮಾಡಬೇಕು. ಹತ್ತು ವೈಯಲ್, ಹತ್ತು ಸ್ಟೆರೈಲ್ ನೀರು, 10 ಮಿಲಿ ಸಿರಿಂಜುಗಳು, ಸಲೈನ್, ಅಡ್ರೆನಾಲಿನ್ ಒಂದೇ ಡಬ್ಬಿಯಲ್ಲಿರಲಿ. ಜೊತೆಗೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ ಹೊಸ ಗಾಜಿನ ನಳಿಕೆಗಳು ಬೇಕು. ಪ್ಲಾಸ್ಟಿಕ್ ಆಗಲಿ, ಸೋಪಿನಲ್ಲಿ ತೊಳೆದ ಗಾಜಾಗಲಿ ತಪ್ಪು ಫಲಿತಾಂಶ ಕೊಡುತ್ತದೆ. ಚರ್ಮದ ಟೆಸ್ಟ್ ಡೋಸ್ ಈಗ ಶಿಫಾರಸಿನಲ್ಲಿಲ್ಲ.

ನಮ್ಮಲ್ಲಿ ಸಿಗುವ ಔಷಧ ಕೆಲಸ ಮಾಡುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ. ಕಾಳಿಂಗ ಸರ್ಪಕ್ಕೂ ಪಶ್ಚಿಮ ಘಟ್ಟದ ಹಂಪ್-ನೋಸ್ಡ್ ಪಿಟ್ ವೈಪರಿಗೂ ಅದನ್ನು ತಯಾರಿಸಿಲ್ಲ. ಅಂಥಲ್ಲಿ ವೆಂಟಿಲೇಟರ್, ಡಯಾಲಿಸಿಸ್ ಇರುವ ಕಡೆ ಬೇಗ ಕಳಿಸುವುದೇ ಚಿಕಿತ್ಸೆಯ ಭಾಗ.

ಮಂಗನ ಕಾಯಿಲೆ ಕಾಲದಲ್ಲಿ ಜ್ವರಕ್ಕೆ ಯಾವ ಮಾತ್ರೆ ಕೊಡಬಾರದು?

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ಕಾಯಿಲೆ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣುತ್ತದೆ. ಇದರಲ್ಲಿ, ಡೆಂಗಿಯಲ್ಲಿ ಸಹ, ರಕ್ತಸ್ರಾವದ ಭಯವಿದೆ. ಆದ್ದರಿಂದ ಕಾರಣ ತಿಳಿಯುವವರೆಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿದೆಯಾ ಎಂದು ಕೌಂಟರಿನಲ್ಲೇ ಕೇಳಿ, ಹೌದೆಂದರೆ ಡಾಕ್ಟರ ಬಳಿ ಕಳಿಸಿ.

ಯಾವ ಯಾವ ರಿಜಿಸ್ಟರ್ ಇಡಬೇಕು?

2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1ಕ್ಕೆ ಪ್ರತ್ಯೇಕ ರಿಜಿಸ್ಟರ್: ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ. 3 ವರ್ಷ ಇಡಬೇಕು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್, ಕ್ಷಯದ ಔಷಧಗಳು, ಆಲ್ಪ್ರಜೋಲಾಮ್, ಟ್ರಮಡಾಲ್ ಇದರಲ್ಲಿವೆ. ಕ್ಷಯದ ಔಷಧ ಕೊಟ್ಟ ಮಾಹಿತಿ ಆರೋಗ್ಯ ಇಲಾಖೆಗೂ ಹೋಗಬೇಕು. ಶೆಡ್ಯೂಲ್ ಎಕ್ಸ್‌ಗೆ ಚೀಟಿ ಎರಡು ಪ್ರತಿ, ಒಂದನ್ನು 2 ವರ್ಷ ಇಟ್ಟುಕೊಳ್ಳಬೇಕು, ದಾಸ್ತಾನು ಬೀಗದೊಳಗೆ. ಮಾರ್ಫಿನ್, ಫೆಂಟನಿಲ್‌ಗೆ ಎನ್‌ಡಿಪಿಎಸ್ (ಮಾದಕ ವಸ್ತು) ನಿಯಮದ ಪ್ರಕಾರ ಮಾನ್ಯತೆ ಪಡೆಯಬೇಕು. ಪ್ರತಿ ಶಿಫ್ಟ್ ಬದಲಾದಾಗ ಇಬ್ಬರೂ ಎಣಿಸಿ ಸಹಿ ಹಾಕಲಿ. ಆಂಪ್ಯೂಲಿನಲ್ಲಿ ಉಳಿದದ್ದನ್ನು ಸಾಕ್ಷಿಯ ಎದುರೇ ಚೆಲ್ಲಿ ಎಷ್ಟು ಎಂದು ಬರೆಯಲಿ.

ಎಮರ್ಜೆನ್ಸಿ ಟ್ರಾಲಿ ಯಾರ ಜವಾಬ್ದಾರಿ?

ಔಷಧ ತುಂಬಿ ನಂಬರಿರುವ ಸೀಲ್ ಹಾಕುವುದು ಔಷಧಾಲಯ, ಸೀಲ್ ಹಾಗೇ ಇದೆಯೇ ಎಂದು ಪ್ರತಿ ಶಿಫ್ಟಿನಲ್ಲಿ ನೋಡುವುದು ವಾರ್ಡ್. ಸೀಲ್ ಒಡೆದ ಕೂಡಲೇ ಮರುಭರ್ತಿ, ಒಡೆಯದಿದ್ದರೂ ತಿಂಗಳಿಗೊಮ್ಮೆ ಎಕ್ಸ್‌ಪೈರಿ ತಪಾಸಣೆ. ಅಟ್ರೋಪಿನ್ ಮತ್ತು ಅಡ್ರೆನಾಲಿನ್ ಆಂಪ್ಯೂಲ್ ಒಂದೇ ಗಾತ್ರದ್ದಾದ್ದರಿಂದ ಬೇರೆ ಬೇರೆ ಖಾನೆಗಳಲ್ಲಿರಲಿ.

ತಪ್ಪು ಔಷಧ ಕೈಗೆ ಬಂದು, ಕೊಡುವ ಮೊದಲೇ ಗೊತ್ತಾದರೆ ಬರೆಯಬೇಕೇ?

ಬರೆಯಲೇಬೇಕು. ತಪ್ಪಿಹೋದ ಅಪಾಯ ನಾಳೆ ಆಗಲಿರುವ ಅಪಾಯದ ಸೂಚನೆ. ಯಾವ ಔಷಧ, ಯಾವ ಹೊತ್ತು, ಯಾವ ಹಂತದಲ್ಲಿ ಸಿಕ್ಕಿತು ಎಂದು ನಾಲ್ಕು ಸಾಲು ಸಾಕು. ವರದಿ ಮಾಡಿದವರ ಸಂಬಳ ಹಿಡಿದರೆ, ಎಲ್ಲರೆದುರು ಬೈದರೆ, ಅಂದಿನಿಂದ ವರದಿ ನಿಲ್ಲುತ್ತದೆ. ತಪ್ಪುಗಳು ನಿಲ್ಲುವುದಿಲ್ಲ.

ಎಕ್ಸ್‌ಪೈರಿ ಆದ ಔಷಧ ಏನು ಮಾಡಬೇಕು?

ಲೇಬಲ್ ಮೇಲೆ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಮೂರು ತಿಂಗಳು ಮೊದಲೇ ಅರೆಯಿಂದ ತೆಗೆದು ವಿತರಕರಿಗೆ ವಾಪಸ್ ಮಾಡುವುದು ಒಳ್ಳೆಯ ಕ್ರಮ. ಉಳಿದದ್ದು ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ 2016ರ ಪ್ರಕಾರ ಹಳದಿ ವರ್ಗದಲ್ಲಿ ಸುಡಲು ಹೋಗಬೇಕು. ಸಿಂಕಿಗೆ ಸುರಿದದ್ದು ತುಂಗೆಗೋ ಶರಾವತಿಗೋ ಸೇರುತ್ತದೆ.

ಆಸ್ಪತ್ರೆಯ ಮೆಡಿಕಲ್‌ನಲ್ಲೇ ಔಷಧ ಕೊಳ್ಳಬೇಕೇ? (ರೋಗಿಯ ಮನೆಯವರಿಂದ)

ಎಲ್ಲಿ ಕೊಳ್ಳಬೇಕೆಂದು ಆರಿಸುವುದು ರೋಗಿಯ ಹಕ್ಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿ ಹಕ್ಕುಗಳ ಸನ್ನದು ಹೇಳುತ್ತದೆ. ಹೊರಗಿನಿಂದ ತಂದರೆ ಬ್ಯಾಚ್ ನಂಬರ್ ಇರುವ ಬಿಲ್ ತನ್ನಿ. ಫ್ರಿಜ್‌ನ ಔಷಧವಾದರೆ ಐಸ್ ಜೊತೆ ತನ್ನಿ. ಎಂಆರ್‌ಪಿಗಿಂತ ಹೆಚ್ಚು ಯಾರೂ ಕೇಳುವಂತಿಲ್ಲ.

ಉಳಿದ ಔಷಧ ವಾಪಸ್ ತೆಗೆದುಕೊಳ್ಳುತ್ತಾರೆಯೇ? ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಪರವಾಗಿಲ್ಲವೇ?

ವಾರ್ಡಿನಲ್ಲೇ ಸರಿಯಾಗಿದ್ದ, ತೆರೆಯದ, ಬ್ಯಾಚ್ ಬಿಲ್ಲಿಗೆ ಹೊಂದುವ ಔಷಧವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಮನೆಗೆ ಹೋಗಿ ಬಂದ ಇನ್ಸುಲಿನ್, ಲಸಿಕೆ ತೆಗೆದುಕೊಳ್ಳಬಾರದು. ಅದನ್ನು ನಿರಾಕರಿಸಿದರೆ ಬೇಸರ ಬೇಡ, ನಿಮಗೆ ಬೇರೆಯವರ ಮನೆಯಿಂದ ಬಂದದ್ದು ಸಿಗದಿರಲು ಅದೇ ಕಾರಣ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ಅಚ್ಚಾದ ತುಂಡು ಅಂಗಡಿಯಲ್ಲೇ ಉಳಿಯುವುದು ಸಾಮಾನ್ಯ. ಆಗ ಬಿಲ್ಲಿನ ಮೇಲೆ ಬ್ಯಾಚ್, ಎಕ್ಸ್‌ಪೈರಿ ಇದೆಯೇ ನೋಡಿ, ಮಾತ್ರೆ ಮುಗಿಯುವವರೆಗೆ ಬಿಲ್ ಇಟ್ಟುಕೊಳ್ಳಿ.

ಶಿವಮೊಗ್ಗದಿಂದ ಹಳ್ಳಿಗೆ ಇನ್ಸುಲಿನ್ ಒಯ್ಯುವುದು, ಇಡುವುದು ಹೇಗೆ?

ಅಗಲ ಬಾಯಿಯ ಫ್ಲಾಸ್ಕಿನಲ್ಲಿ ತಣ್ಣೀರಿನ ಸಣ್ಣ ಬಾಟಲಿ ಇಟ್ಟು, ಇನ್ಸುಲಿನ್ನನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗಿಡಿ. ಐಸಿಗೆ ತಾಗಬಾರದು, ಬಸ್ಸಿನ ಎಂಜಿನ್ ಮೇಲೆ ಚೀಲ ಇಡಬಾರದು. ಮನೆಯಲ್ಲಿ ಫ್ರಿಜ್‌ನ ಮಧ್ಯದ ಅರೆ ಸರಿ. ಬಳಸುತ್ತಿರುವ ವೈಯಲನ್ನು ತಂಪಾದ ನೆರಳಿನಲ್ಲಿ ಸಾಮಾನ್ಯವಾಗಿ 28 ದಿನ ಹೊರಗಿಡಬಹುದು, ತೆರೆದ ದಿನಾಂಕ ಬರೆದಿಡಿ. ಫ್ರಿಜ್ ಇಲ್ಲದಿದ್ದರೆ ಎರಡು ಮಣ್ಣಿನ ಮಡಕೆ ಒಂದರೊಳಗೊಂದಿಟ್ಟು ನಡುವೆ ಒದ್ದೆ ಮರಳು ತುಂಬಿ, ಒಳಮಡಕೆಯಲ್ಲಿ ಇನ್ಸುಲಿನ್ ಇಡಿ. ಬೇಸಿಗೆಯಲ್ಲಿ ಇದು ಚೆನ್ನಾಗಿ ತಂಪಾಗುತ್ತದೆ. ಮಾತ್ರೆಗಳನ್ನು ಬಚ್ಚಲುಮನೆಯಲ್ಲಿ, ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಔಷಧದಿಂದ ತೊಂದರೆಯಾದರೆ, ಔಷಧವೇ ಅನುಮಾನ ಹುಟ್ಟಿಸಿದರೆ ಎಲ್ಲಿ ಹೇಳಬೇಕು?

ಮೊದಲು ಔಷಧ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಉಳಿದ ಮಾತ್ರೆ, ಬಾಟಲಿ, ಡಬ್ಬಿ, ಬಿಲ್ ಯಾವುದನ್ನೂ ಎಸೆಯಬೇಡಿ, ಬ್ಯಾಚ್ ನಂಬರ್ ಇಲ್ಲದೆ ತನಿಖೆ ಮುಂದೆ ಹೋಗುವುದಿಲ್ಲ. ಅಡ್ಡಪರಿಣಾಮವನ್ನು ಭಾರತೀಯ ಔಷಧ ಸುರಕ್ಷಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಯೇ ತಿಳಿಸಬಹುದು. ಗ್ರಾಹಕರ ವರದಿ ನಮೂನೆ ಕನ್ನಡದಲ್ಲೂ ಇದೆ. ಗುಣಮಟ್ಟದ ಅನುಮಾನವಿದ್ದರೆ ಜಿಲ್ಲೆಯ ಡ್ರಗ್ ಇನ್‌ಸ್ಪೆಕ್ಟರಿಗೆ ಲಿಖಿತ ದೂರು ಕೊಡಿ. ಅವರು ಅದೇ ಬ್ಯಾಚಿನ ಮಾದರಿಯನ್ನು ಅಂಗಡಿಯಿಂದ ತೆಗೆದು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆಸ್ಪತ್ರೆಯವರು ಅದೇ ದಿನ ಆ ಬ್ಯಾಚಿನ ಉಳಿದ ಸರಕನ್ನೆಲ್ಲ ವಾರ್ಡುಗಳಿಂದ ವಾಪಸ್ ತರಿಸಿ, ವರದಿ ಬರುವವರೆಗೆ ಬೇರೆ ಬೀಗದಲ್ಲಿಡಬೇಕು.